ಮದುವೆಯಾಗದ ಕ್ರೈಸ್ತರು ವಾರವನ್ನು ಕಟ್ಟಿಕೊಳ್ಳುವುದು ಹೇಗೆ? ಭಾನುವಾರ ಮಧ್ಯಾಹ್ನದಿಂದ ಶುರುಮಾಡಿ

"ದೇವರ ಮೇಲೆ ನಂಬಿಕೆ ಇದೆ, ಭಾನುವಾರ ಚರ್ಚ್ ತಪ್ಪಿಸಲ್ಲ. ಆದರೂ ರೂಮಿಗೆ ಬಂದು ಬೀಗ ತೆಗೆಯುವಾಗ ಒಳಗೆಲ್ಲ ಖಾಲಿ ಖಾಲಿ ಅನ್ನಿಸುತ್ತೆ. ನನ್ನ ನಂಬಿಕೆಯಲ್ಲೇ ಏನಾದರೂ ಕೊರತೆ ಇದೆಯಾ?" ಮೈಸೂರು, ಮಂಡ್ಯ ಕಡೆಯ ಓದುಗರು ಮಾತು ಬದಲಿಸಿ ಬದಲಿಸಿ ಕೇಳುತ್ತಿರುವುದು ಇದೇ ಪ್ರಶ್ನೆ. ಕೆಲಸಕ್ಕೆಂದು ಊರು ಬಿಟ್ಟು ಬಂದವರು, ಮೂವತ್ತೈದು ದಾಟಿದವರು, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು, ಮದುವೆಯೇ ಬೇಡವೆಂದು ನಿರ್ಧರಿಸಿದವರು, ಎಲ್ಲರೂ ಕೇಳುತ್ತಾರೆ.

ಕೊರತೆ ನಂಬಿಕೆಯಲ್ಲಿಲ್ಲ. ಬಹುತೇಕ ಸಲ ಅದು ವಾರದಲ್ಲಿರುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಜೊತೆ ಎಂಬುದು ಗೊತ್ತಿಲ್ಲದ ವಾರದಲ್ಲಿ ಎಂಥ ಭಕ್ತರಿಗೂ ಮನಸ್ಸು ಬರಿದಾಗುತ್ತದೆ.

ಸಂತೃಪ್ತಿಯ ಬಗ್ಗೆ ಮಾತು ಬಂದಾಗಲೆಲ್ಲ ಪ್ರಸಂಗಗಳಲ್ಲಿ ಎತ್ತಿಕೊಳ್ಳುವುದು ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ, 11ನೇ ವಚನ. ಯಾವ ಸ್ಥಿತಿಯಲ್ಲಿದ್ದರೂ ಸಂತೃಪ್ತನಾಗಿರುವುದನ್ನು ಕಲಿತುಕೊಂಡಿದ್ದೇನೆ ಎಂದು ಆ ಪತ್ರ ಬರೆದ ಅಪೊಸ್ತಲ ಪೌಲ ಅಲ್ಲಿ ಹೇಳುತ್ತಾನೆ. ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದರೆ, ಯಾರೂ ಬೇಡ, ದೇವರೊಬ್ಬನೇ ಸಾಕು ಎಂಬ ಅರ್ಥ ಬಂದಂತಾಗುತ್ತದೆ. ಮುಂದೆ ಓದಿ. 14ನೇ ವಚನದಲ್ಲಿ, ಆದರೂ ನನ್ನ ಕಷ್ಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು ಎನ್ನುತ್ತಾನೆ. 18ನೇ ವಚನದಲ್ಲಿ ಎಪಫ್ರೊದೀತನೆಂಬ ಗೆಳೆಯ ತಂದುಕೊಟ್ಟ ಸಹಾಯ ಸೇರಿತು ಎಂದು ತಿಳಿಸುತ್ತಾನೆ. ಅದೇ ಗೆಳೆಯ ಕಾಯಿಲೆ ಬಿದ್ದು ಸಾಯುವ ಹಾಗಾದಾಗ, ಇವನು ಹೋಗಿಬಿಟ್ಟಿದ್ದರೆ ನನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎಂದು 2ನೇ ಅಧ್ಯಾಯದಲ್ಲಿ ಬಾಯಿಬಿಟ್ಟು ಹೇಳಿಕೊಂಡಿದ್ದಾನೆ. ಮದುವೆಯಿಲ್ಲದೆ, ಸೆರೆಯಲ್ಲಿ ಕೂತು ಪೌಲ ಬರೆದ ಈ ಪತ್ರ ಗೆಳೆಯರಿಗೆ ಸಲ್ಲಿಸಿದ ಕೃತಜ್ಞತೆಯ ಪತ್ರವೂ ಹೌದು. ಸಂತೃಪ್ತಿಯನ್ನು "ಕಲಿತೆ" ಎನ್ನುತ್ತಾನೆ, ಅಂದರೆ ಅದು ಅಭ್ಯಾಸದಿಂದ ಬರುವಂಥದ್ದು. ಮತ್ತು ಆ ಅಭ್ಯಾಸ ಜನರ ನಡುವೆಯೇ ಆಗಬೇಕು. ಈ ಲೇಖನದ ಎಲ್ಲ ಹಂತಗಳೂ ಇದೇ ಆಧಾರದ ಮೇಲೆ ನಿಂತಿವೆ.

ಬೇಕಾಗುವುದು ಇಷ್ಟು: ನೂರು ಪುಟದ ಒಂದು ನೋಟ್‌ಬುಕ್, ಸತ್ಯವೇದ (ಕಥೋಲಿಕರಾದರೆ ಪವಿತ್ರ ಬೈಬಲ್), ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಎರಡು ಸಂಜೆ, ನಾಲ್ಕು ಜನಕ್ಕೆ ಸಾಲುವಷ್ಟು ತಟ್ಟೆ ಲೋಟ. ಮೂರು ತಿಂಗಳ ತಾಳ್ಮೆಯೂ ಬೇಕು. ಎರಡೇ ವಾರದಲ್ಲಿ ಎಲ್ಲ ಬದಲಾಗಿಬಿಡುತ್ತದೆ ಎಂದುಕೊಂಡವರು ಮೂರನೇ ವಾರಕ್ಕೆ ಕೈಬಿಡುತ್ತಾರೆ.

1. ಹದಿನಾಲ್ಕು ದಿನ ಬರೆದಿಡಿ

ಮೊದಲ ಎರಡು ವಾರ ಏನನ್ನೂ ಬದಲಿಸಬೇಡಿ. ನೋಟ್‌ಬುಕ್‌ನಲ್ಲಿ ಮೂರು ಕಾಲಂ ಎಳೆಯಿರಿ: ಒಂಟಿತನ ಕಾಡಿದ ಹೊತ್ತು, ಆಗ ಏನು ನಡೆದಿತ್ತು, ಆ ಕ್ಷಣಕ್ಕೆ ಏನಿದ್ದರೆ ಚೆನ್ನಾಗಿತ್ತು. ಊಟ ಮಾಡಿದ್ದಿರಾ, ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದಿರಿ ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಿ. ಹಸಿವು, ನಿದ್ದೆಗೇಡು ಇವೆರಡೂ ಒಂಟಿತನದ ವೇಷದಲ್ಲಿ ಬರುವುದುಂಟು.

ಎರಡು ವಾರ ಕಳೆದ ಮೇಲೆ ತೆರೆದು ನೋಡಿ. ದಿನವಿಡೀ ಕಾಡುತ್ತದೆ ಎಂದುಕೊಂಡಿದ್ದು ನಾಲ್ಕೈದು ಹೊತ್ತಿನಲ್ಲೇ ಬಂದುಹೋಗಿರುತ್ತದೆ. ಅದರಲ್ಲಿ ಹೆಚ್ಚಿನವರ ಪಟ್ಟಿಯಲ್ಲಿ ಸಿಗುವುದು ಭಾನುವಾರ ಮಧ್ಯಾಹ್ನ ಎರಡರಿಂದ ಐದು. ಬೆಳಿಗ್ಗೆ ಆರಾಧನೆಯಲ್ಲಿ ನೂರಾರು ಜನರ ನಡುವೆ ಹಾಡಿ, ಹೊರಗೆ ಕೈಕುಲುಕಿ, ಎಲ್ಲರೂ ಅವರವರ ಸಂಸಾರ ಕರೆದುಕೊಂಡು ಸ್ಕೂಟರ್ ಹತ್ತಿ ಹೋದ ಮೇಲಿನ ಹೊತ್ತು ಅದು.

ಆಮೇಲೆ ಮೂರನೇ ಕಾಲಂ ನೋಡಿ, ಬೇಕಾಗಿದ್ದದ್ದು ಏನೆಂದು ಬೇರೆ ಬೇರೆ ಮಾಡಿ. ಮಾತಾಡಲು ಜನ ಬೇಕಾಗಿತ್ತೇ? ಯಾರಾದರೂ ನನ್ನನ್ನು ವಿಚಾರಿಸಿಕೊಳ್ಳಲಿ ಎನ್ನಿಸಿತ್ತೇ? ನನ್ನಿಂದ ಯಾರಿಗಾದರೂ ಉಪಯೋಗವಾಗಲಿ ಎಂದಿತ್ತೇ? ದೇಹದ ಬಯಕೆಯೇ? ಮುಂದೆ ವಯಸ್ಸಾದಾಗ ಹೇಗೆ ಎಂಬ ಭಯವೇ? ಐದಕ್ಕೂ ಮದ್ದು ಬೇರೆ ಬೇರೆ. ಎಲ್ಲವನ್ನೂ "ಮದುವೆಯಾಗಿಲ್ಲ" ಎಂಬ ಒಂದೇ ಚೀಲಕ್ಕೆ ತುಂಬುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಮದುವೆಯಾದ ಮನೆಗಳಲ್ಲೂ ಇದರಲ್ಲಿ ಮೂರೋ ನಾಲ್ಕೋ ತೀರದೇ ಉಳಿದಿರುತ್ತವೆ.

ದೇಹದ ಬಯಕೆಯ ಬಗ್ಗೆ ಚರ್ಚುಗಳಲ್ಲಿ ಮಾತೇ ಎತ್ತುವುದಿಲ್ಲ, ಹಾಗಾಗಿ ಇಲ್ಲೇ ಹೇಳಿಬಿಡುತ್ತೇವೆ. ಬಯಕೆ ಹುಟ್ಟುವುದು ಪಾಪವಲ್ಲ. ಅದು ಗೆಲ್ಲುವುದು ರಾತ್ರಿ ಹನ್ನೊಂದರ ಮೇಲೆ, ಒಬ್ಬರೇ ಇರುವಾಗ, ಕೈಯಲ್ಲಿ ಮೊಬೈಲ್ ಇದ್ದಾಗ. ಮೊಬೈಲನ್ನು ಮಲಗುವ ಜಾಗದಿಂದ ಆಚೆ, ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ಎಬ್ಬಿಸಲು ಹತ್ತಿರದ ಅಂಗಡಿಯಲ್ಲಿ ಒಂದು ಅಲಾರಂ ಗಡಿಯಾರ ತಗೊಳ್ಳಿ. ಬಿದ್ದರೆ ಒಬ್ಬ ನಂಬಿಕಸ್ಥ ಸ್ನೇಹಿತರಿಗೆ ಹೇಳಿ, ಕಥೋಲಿಕರು ಪಾಪನಿವೇದನೆಗೆ (ಫಾದರ್ ಬಳಿ ತಪ್ಪೊಪ್ಪಿಕೊಳ್ಳುವುದು) ಹೋಗಿ. ಮುಚ್ಚಿಟ್ಟಷ್ಟೂ ಅದರ ಭಾರ ಹೆಚ್ಚುತ್ತದೆ.

2. ಬೆಳಿಗ್ಗೆಯ ಇಪ್ಪತ್ತು ನಿಮಿಷ

ಮೊಬೈಲ್ ಮುಟ್ಟುವ ಮುಂಚೆ ಇದು ಮುಗಿಯಬೇಕು. ಹತ್ತು ನಿಮಿಷ ಕೀರ್ತನೆ (ಸತ್ಯವೇದದಲ್ಲಿರುವ ಪ್ರಾರ್ಥನಾ ಗೀತೆಗಳು), ಐದು ನಿಮಿಷ ಬರವಣಿಗೆ, ಐದು ನಿಮಿಷ ಇನ್ನೊಬ್ಬರಿಗಾಗಿ ಪ್ರಾರ್ಥನೆ.

ಕೀರ್ತನೆಗಳು 150. ದಿನಕ್ಕೆ ಐದರಂತೆ ಓದಿದರೆ 30 ದಿನಕ್ಕೆ ಮುಗಿಯುತ್ತವೆ. ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲೂ ಅವನ್ನು ತಿಂಗಳ ಮೂವತ್ತು ದಿನಕ್ಕೆ, ಬೆಳಿಗ್ಗೆ ಸಂಜೆ ಎಂದು ಹಂಚಿಟ್ಟಿದ್ದಾರೆ. ಐದು ಹೆಚ್ಚಾದರೆ ಎರಡು ಓದಿ. 119ನೆಯದಕ್ಕೆ 176 ವಚನಗಳಿವೆ, ಅದಕ್ಕೊಂದು ವಾರ ಕೊಡಿ.

ಬರವಣಿಗೆಗೆ 13ನೇ ಕೀರ್ತನೆಯ ಮಾದರಿ ಹಿಡಿಯಿರಿ. ಆರೇ ವಚನ. ಮೊದಲ ಎರಡರಲ್ಲಿ "ಎಷ್ಟರವರೆಗೆ" ಎಂದು ಕೀರ್ತನೆಕಾರ ನಾಲ್ಕು ಸಲ ಕೇಳುತ್ತಾನೆ, ಮುಂದಿನ ಎರಡರಲ್ಲಿ ಬೇಕಾದ್ದನ್ನು ಬೇಡಿಕೊಳ್ಳುತ್ತಾನೆ, ಕೊನೆಯ ಎರಡರಲ್ಲಿ ಭರವಸೆಗೆ ಬರುತ್ತಾನೆ. ನೀವೂ ಮೂರೇ ಸಾಲು ಬರೆಯಿರಿ: ಒಂದು ದೂರು, ಒಂದು ಬೇಡಿಕೆ, ಒಂದು ಭರವಸೆ. ದೂರಿನ ಸಾಲನ್ನು ಬಿಟ್ಟು ನೇರವಾಗಿ "ಸ್ತೋತ್ರ" ಎಂದು ಬರೆಯುವವರೇ ಹೆಚ್ಚು. ಬಿಡಬೇಡಿ. "ಸ್ವಾಮೀ, ತಂಗಿಯ ಮದುವೆಯೂ ಆಯಿತು, ನನಗೆ ಸಂಕಟವಾಗುತ್ತಿದೆ" ಎಂದು ಬರೆಯುವುದು ಅಪನಂಬಿಕೆಯಲ್ಲ. ಭರವಸೆಯ ಸಾಲು ಬರದ ದಿನ ಆ ಜಾಗ ಖಾಲಿ ಬಿಡಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ.

ಇಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು, ಪ್ರಾರ್ಥನೆ ಚೌಕಾಸಿಯಾಗುವುದು: ಇಷ್ಟು ಉಪವಾಸ ಮಾಡುತ್ತೇನೆ, ಇಂಥ ತಿಂಗಳೊಳಗೆ ಸಂಬಂಧ ಕೂಡಿಸು. ಎರಡನೆಯದು ಇನ್ನೂ ಕೆಟ್ಟದ್ದು. "ಮೂರು ತಿಂಗಳಲ್ಲಿ ಮದುವೆಯಾಗುತ್ತದೆ ಎಂದು ನಿಮ್ಮ ಬಗ್ಗೆ ಪ್ರವಾದನೆ ಬಂದಿದೆ" ಎಂದು ಹೇಳುವವರು, ಅದರ ಹಿಂದೆಯೇ ಕಾಣಿಕೆ ಕೇಳುವವರು ಇದ್ದಾರೆ. ಪ್ರವಾದನೆ ಎಂದರೆ ದೇವರ ಪರವಾಗಿ ಆಡುವ ಮಾತು. ಅದಕ್ಕೆ ದಿನಾಂಕವೂ ದುಡ್ಡೂ ಜೊತೆಯಾಗಿ ಬಂದರೆ ಅಲ್ಲಿಂದ ಎದ್ದು ಬನ್ನಿ.

1 ಕೊರಿಂಥದವರಿಗೆ 7ನೇ ಅಧ್ಯಾಯವನ್ನು ಒಮ್ಮೆ ನೀವೇ ಪೂರ್ತಿ ಓದಿ. ಅದನ್ನು ನಿಮ್ಮ ಮೇಲೆ ಪ್ರಯೋಗಿಸಲು ಜನ ಸಿಕ್ಕೇ ಸಿಗುತ್ತಾರೆ. ಮದುವೆಯಾಗದಿರುವುದನ್ನು ಪೌಲ ಅಲ್ಲಿ ವರವೆಂದು ಕರೆಯುತ್ತಾನೆ, ಹಾಗೆಯೇ ಇದು ಕರ್ತನ ಆಜ್ಞೆಯಲ್ಲ, ನನ್ನ ಅಭಿಪ್ರಾಯ ಎಂದೂ ಸ್ಪಷ್ಟವಾಗಿ ಹೇಳುತ್ತಾನೆ. ನಿಮಗೆ ಉರುಲು ಹಾಕಲು ಇದನ್ನು ಹೇಳುತ್ತಿಲ್ಲ ಎಂಬ ಮಾತು 35ನೇ ವಚನದಲ್ಲಿದೆ. ಮದುವೆಯಾಗಲೇಬೇಕು ಎನ್ನುವವರೂ ಆಗಲೇಬಾರದು ಎನ್ನುವವರೂ ಆ ವಚನವನ್ನು ಹಾರಿಸಿ ಓದುತ್ತಾರೆ.

3. ಚರ್ಚಿನಲ್ಲಿ ಒಂದು ಕೆಲಸ ಹಿಡಿಯಿರಿ, ಎರಡಕ್ಕಿಂತ ಹೆಚ್ಚು ಬೇಡ

ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬಂದರೆ ಹತ್ತು ವರ್ಷವಾದರೂ ಯಾರೂ ಪರಿಚಯವಾಗುವುದಿಲ್ಲ. ಸ್ನೇಹ ಬೆಳೆಯುವುದು ಅದದೇ ಜನರ ಜೊತೆ ಅದದೇ ಕೆಲಸ ಮಾಡುವಾಗ. ಆದ್ದರಿಂದ ವಾರಕ್ಕೊಮ್ಮೆ ಅದೇ ಐದಾರು ಜನ ಸೇರುವ ಕೆಲಸ ಆರಿಸಿಕೊಳ್ಳಿ: ಕ್ವಾಯರ್ ಅಭ್ಯಾಸ, ಸಂಡೇ ಸ್ಕೂಲ್, ಶನಿವಾರ ಸಂಜೆ ಪೀಠಕ್ಕೆ ಹೂವು ಜೋಡಿಸುವುದು, ಆಸ್ಪತ್ರೆ ಭೇಟಿ. ವರ್ಷಕ್ಕೊಮ್ಮೆ ಬರುವ ದೊಡ್ಡ ಸಮಾರಂಭದ ಕಮಿಟಿಯಿಂದ ಸ್ನೇಹ ಹುಟ್ಟುವುದು ಕಡಿಮೆ.

ಮೈಸೂರಿನಲ್ಲಿ ಇದಕ್ಕೆ ಜಾಗಗಳಿಗೆ ಬರವಿಲ್ಲ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲಿಟ್ಟ ಸಂತ ಫಿಲೋಮಿನಾ ಚರ್ಚ್ ಪ್ರವಾಸಿಗರಿಗೆ ಫೋಟೋ ತೆಗೆಯುವ ಜಾಗ, ನಿಮಗೆ ಅದು ಪ್ಯಾರಿಷ್. ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಬರುವ ಎಲ್ಲ ಕುಟುಂಬಗಳ ಸಮುದಾಯ. ಸಿಎಸ್‌ಐನವರಿಗೆ (ಚರ್ಚ್ ಆಫ್ ಸೌತ್ ಇಂಡಿಯಾ) ವೆಸ್ಲಿ ಕ್ಯಾಥೆಡ್ರಲ್ ಇದೆ, ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ ಸಂತ ಬಾರ್ತಲೋಮಿಯೊ ಚರ್ಚ್ ಇದೆ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ 1906ರಿಂದ ನಡೆಯುತ್ತಿದೆ. ರೋಗಿಗಳ ಭೇಟಿ ನಿಮಗೆ ಒಗ್ಗುವುದಾದರೆ ಯಾವ ಆಸ್ಪತ್ರೆಗೇ ಆಗಲಿ, ನಿಮ್ಮ ಪಾಸ್ಟರ್ ಅಥವಾ ಫಾದರ್ ಮೂಲಕ ಅನುಮತಿ ಪಡೆದೇ ಹೋಗಿ. ಕಥೋಲಿಕರಲ್ಲಿ ಬಡವರ ಮನೆಗಳಿಗೆ ಭೇಟಿ ಕೊಡುವ ವಿನ್ಸೆಂಟ್ ಡಿ ಪಾಲ್ ಸಭೆ (1833ರಲ್ಲಿ ಪ್ಯಾರಿಸ್‌ನಲ್ಲಿ ವಿದ್ಯಾರ್ಥಿಗಳು ಶುರುಮಾಡಿದ್ದು) ಒಬ್ಬರೇ ಇರುವವರಿಗೆ ತುಂಬ ಒಳ್ಳೆಯದು, ಏಕೆಂದರೆ ಭೇಟಿಗೆ ಇಬ್ಬರು ಜೊತೆಯಾಗಿ ಹೋಗುವುದು ಅಲ್ಲಿನ ರೂಢಿ. ಮಂಡ್ಯದ ಚರ್ಚುಗಳು ಚಿಕ್ಕವು, ಅಲ್ಲಿ ಇನ್ನೂ ಸುಲಭ: ಎರಡನೇ ಭಾನುವಾರಕ್ಕೇ ನಿಮ್ಮ ಹೆಸರು ಹಿಡಿದು ಮಾತಾಡಿಸುತ್ತಾರೆ.

ಎಚ್ಚರ: "ಇವರಿಗೇನು, ಸಂಸಾರವಾ, ತಾಪತ್ರಯವಾ" ಎಂದು ಎಲ್ಲ ಕೆಲಸವನ್ನೂ ಮದುವೆಯಾಗದವರ ತಲೆಗೆ ಕಟ್ಟುವುದು ನಮ್ಮ ಸಭೆಗಳ ಹಳೆಯ ಚಾಳಿ. ನಾಲ್ಕು ಜವಾಬ್ದಾರಿ ಹೊತ್ತವರು ವರ್ಷದೊಳಗೆ ಬಸವಳಿದು ಚರ್ಚಿಗೆ ಬರುವುದನ್ನೇ ನಿಲ್ಲಿಸುತ್ತಾರೆ. ಎರಡು ಸಾಕು. ಮೂರನೆಯದು ಬಂದರೆ, "ಇದನ್ನು ತಗೊಂಡರೆ ಅದನ್ನು ಬಿಡಬೇಕಾಗುತ್ತೆ, ಯಾವುದು ಬೇಕು ನೀವೇ ಹೇಳಿ" ಎಂದು ಕೇಳಿ. ಇಲ್ಲವೆನ್ನುವುದಕ್ಕಿಂತ ಇದು ಕೆಲಸ ಮಾಡುತ್ತದೆ.

4. ಸ್ನೇಹಕ್ಕೆ ದಿನ ಗೊತ್ತುಮಾಡಿ

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡುವ ಹಂತ ಇದು. ಹೆಚ್ಚು ಫಲ ಕೊಡುವುದೂ ಇದೇ.

ನೋಟ್‌ಬುಕ್‌ನಲ್ಲಿ ನಾಲ್ಕು ಹೆಸರು ಬರೆಯಿರಿ. ನಿಮ್ಮದೇ ವಯಸ್ಸಿನ, ನಿಮ್ಮ ಹಾಗೆ ಗಂಡಸೋ ಹೆಂಗಸೋ ಆದ ಒಬ್ಬ ಆಪ್ತರು. ನಿಮಗಿಂತ ಇಪ್ಪತ್ತು ವರ್ಷ ದೊಡ್ಡವರೊಬ್ಬರು. ನಿಮಗಿಂತ ಚಿಕ್ಕವರೊಬ್ಬರು, ಊರಿಂದ ಓದಲು ಬಂದ ಹಾಸ್ಟೆಲ್ ವಿದ್ಯಾರ್ಥಿಯೋ ನರ್ಸಿಂಗ್ ಹುಡುಗಿಯೋ ಆಗಬಹುದು. ನಾಲ್ಕನೆಯದು ಒಂದು ಇಡೀ ಮನೆ: ಗಂಡ, ಹೆಂಡತಿ, ಮಕ್ಕಳು. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ಬರೀ ಹೆಸರುಗಳ ಪಟ್ಟಿ ಎಂದು ಬಿಟ್ಟುಬಿಡುತ್ತೇವೆ. 13ನೇ ವಚನ ನೋಡಿ, ರೂಫನ ತಾಯಿ ನನಗೂ ತಾಯಿ ಎನ್ನುತ್ತಾನೆ ಪೌಲ. ಅಂಥ ಒಂದು ಮನೆ ನಿಮಗೂ ಬೇಕು.

ನಾಲ್ಕೂ ಹೆಸರು ಸಿಗದಿದ್ದರೆ ಒಂದರಿಂದಲೇ ಶುರುಮಾಡಿ. ಕೇಳುವುದು ಹೀಗೆ: "ಬುಧವಾರ ಸಂಜೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯೋಣ್ವಾ? ನಾಲ್ಕು ವಾರ ನೋಡೋಣ." ಮಂಡ್ಯದವರಿಗೆ ಸರ್ ಎಂ.ವಿ. ಕ್ರೀಡಾಂಗಣವಾದೀತು. ದಿನ, ಹೊತ್ತು, ಜಾಗ, ಎಷ್ಟು ವಾರ, ನಾಲ್ಕೂ ಆ ಮಾತಿನಲ್ಲಿರಲಿ. "ಯಾವಾಗಾದ್ರೂ ಸಿಗೋಣ" ಎಂಬ ಮಾತಿನಿಂದ ಯಾರೂ ಸಿಕ್ಕಿದ್ದಿಲ್ಲ.

ಕೇಳಲು ಸಂಕೋಚವೆನಿಸಿದರೆ 2 ತಿಮೊಥೆಯ ಕೊನೆಯ ಅಧ್ಯಾಯ ಓದಿ. ಬೇಗ ಬಾ, ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿ ತಾ, ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆ ಬಾ. ಸಂತೃಪ್ತಿಯನ್ನು ಕಲಿತೆ ಎಂದವನೇ ಇಷ್ಟು ಬಿಡಿಸಿ ಕೇಳಿದ್ದಾನೆ.

ನಡೆಯುವಾಗ ಏನು ಮಾತು? ಏನಾದರೂ ಸರಿ. ಆದರೆ ಕೊನೆಯ ಐದು ನಿಮಿಷ ಒಬ್ಬರನ್ನೊಬ್ಬರು ಎರಡು ಪ್ರಶ್ನೆ ಕೇಳಿ: ಈ ವಾರ ಯಾವುದು ಭಾರವಾಗಿತ್ತು, ನಾನು ಯಾವುದಕ್ಕೆ ಪ್ರಾರ್ಥಿಸಲಿ. ಉತ್ತರವನ್ನು ಮರುದಿನದ ಬೆಳಗಿನ ಐದು ನಿಮಿಷಕ್ಕೆ ಬರೆದಿಟ್ಟುಕೊಳ್ಳಿ. ದಾವೀದ ಜೀವ ಉಳಿಸಿಕೊಳ್ಳಲು ಜೀಫ್ ಅಡವಿಯಲ್ಲಿ ಅಡಗಿದ್ದಾಗ ಗೆಳೆಯ ಯೋನಾತಾನ ಹುಡುಕಿಕೊಂಡು ಹೋಗಿ ದೇವರಲ್ಲಿ ಅವನನ್ನು ಬಲಪಡಿಸಿದ ಎಂದು 1 ಸಮುವೇಲ 23ರಲ್ಲಿದೆ. ಅವನು ದಾವೀದನ ಕಷ್ಟ ಪರಿಹರಿಸಲಿಲ್ಲ, ಅದು ಅವನ ಕೈಯಲ್ಲಿರಲಿಲ್ಲ. ಹೋಗಿ ಪಕ್ಕದಲ್ಲಿ ಕೂತ.

ಇಲ್ಲಿ ಆಗುವ ತಪ್ಪುಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಒಬ್ಬರ ಮೇಲೇ ಎಲ್ಲ ಭಾರ ಹಾಕುವುದು. ದಿನಕ್ಕೆ ಮೂರು ಸಲ ಫೋನ್, ಉತ್ತರ ಬರದಿದ್ದರೆ ಮುನಿಸು. ಆ ಸ್ನೇಹಿತರಿಗೆ ನಿಶ್ಚಿತಾರ್ಥವಾದರೆ ಲೋಕವೇ ಮುಳುಗಿದಂತೆ. ಹೆಸರು ನಾಲ್ಕಿರಲಿ ಎಂದದ್ದು ಅದಕ್ಕೇ.

ಮದುವೆಯಾದ ಸ್ನೇಹಿತರನ್ನು ದೂರ ಮಾಡಿಕೊಳ್ಳುವುದು. ಅವರು ಬದಲಾಗಿಲ್ಲ, ಅವರ ವೇಳೆ ಬದಲಾಗಿದೆ. ಮಕ್ಕಳಿರುವ ಮನೆಗೆ ಸಂಜೆ ಏಳರಿಂದ ಒಂಬತ್ತು ಹೋಗಬೇಡಿ: ಹೋಂವರ್ಕ್, ಊಟ, ಮಲಗಿಸುವ ಗದ್ದಲ. ಶನಿವಾರ ನಾಲ್ಕು ಗಂಟೆಗೆ ಹೋಗಿ, ಮಕ್ಕಳನ್ನು ಒಂದು ಗಂಟೆ ಪಾರ್ಕಿಗೆ ಕರೆದುಕೊಂಡು ಹೋಗಿ ಬನ್ನಿ. ಆ ತಾಯಿ ನಿಮ್ಮನ್ನು ಆಮೇಲೆ ಊಟಕ್ಕೆ ನಿಲ್ಲಿಸಿಕೊಳ್ಳದೆ ಕಳಿಸುವುದಿಲ್ಲ. ಗಂಡ ಹೆಂಡತಿ ಇಬ್ಬರ ಜೊತೆಯೂ ಸ್ನೇಹವಿರಲಿ.

ಗಂಡು ಹೆಣ್ಣಿನ ಸ್ನೇಹ. 1 ತಿಮೊಥೆ 5ರಲ್ಲಿ ಹಿರಿಯರನ್ನು ತಂದೆತಾಯಿಯಂತೆ, ಕಿರಿಯರನ್ನು ಅಣ್ಣತಮ್ಮ ಅಕ್ಕತಂಗಿಯರಂತೆ ಪೂರ್ಣ ಶುದ್ಧತೆಯಿಂದ ಕಾಣಬೇಕೆಂದಿದೆ. ಅಂದರೆ ಸ್ನೇಹ ಬೇಡವೆಂದಲ್ಲ. ಗುಂಪಿನಲ್ಲಿ, ಹಗಲಿನಲ್ಲಿ, ಎಲ್ಲರಿಗೂ ಗೊತ್ತಿರುವಂತೆ ಇರಲಿ. ಊರಿನ ಬಾಯಿಗೆ ಹೆದರಿ ಅಲ್ಲ, ಇಬ್ಬರಲ್ಲಿ ಒಬ್ಬರ ಮನಸ್ಸಿನಲ್ಲಿ ಬೇರೆ ನಿರೀಕ್ಷೆ ಬೆಳೆದರೆ ಅದು ಕತ್ತಲಲ್ಲಿ ಬೆಳೆಯಬಾರದು. ಬೆಳೆದಿದೆ ಎನ್ನಿಸಿದರೆ ತಿಂಗಳುಗಟ್ಟಲೆ ಊಹೆಯಲ್ಲಿ ಕಳೆಯದೆ ನೇರವಾಗಿ ಕೇಳಿ.

5. ಭಾನುವಾರ ಮೂರು ಜನರನ್ನು ಊಟಕ್ಕೆ ಕರೆಯಿರಿ

ಯಾರಾದರೂ ನಮ್ಮನ್ನು ಕರೆಯಲಿ ಎಂದು ಕಾಯಬೇಡಿ, ನೀವೇ ಕರೆಯಿರಿ. ತಿಂಗಳಿಗೆ ಎರಡು ಭಾನುವಾರ ಸಾಕು. ಊಟ ಹಾಕುವಾಗ ಮರಳಿ ಕರೆಯಲಾಗದವರನ್ನು ಕರೆ ಎಂಬ ಮಾತು ಲೂಕ 14ರಲ್ಲಿದೆ: ನೈಟ್ ಡ್ಯೂಟಿ ಮುಗಿಸಿದ ನರ್ಸ್, ಮಕ್ಕಳು ವಿದೇಶದಲ್ಲಿರುವ ಅಜ್ಜಿ, ಹಾಸ್ಟೆಲ್ ಹುಡುಗ.

ಬಾಡಿಗೆ ಮನೆಯಾದರೆ ಓನರ್‌ಗೆ ಮುಂಚೆಯೇ ಹೇಳಿ: "ಭಾನುವಾರ ಚರ್ಚಿನವರು ಮೂರು ಜನ ಊಟಕ್ಕೆ ಬರ್ತಾರೆ, ನಾಲ್ಕು ಗಂಟೆಗೆ ಹೋಗ್ತಾರೆ." ಮೊದಲ ಸಲ ಒಂದು ಬಟ್ಟಲು ಪಲ್ಯ ಅವರ ಮನೆಗೂ ಕೊಡಿ.

ಒಂದೇ ಒಲೆ, ಒಂದೆರಡು ಪಾತ್ರೆ ಇರುವವರಿಗೆ ಬಸ್ಸಾರಿಗಿಂತ ಒಳ್ಳೆಯ ಅಡುಗೆ ಇಲ್ಲ, ಒಂದೇ ಬೇಯಿಸುವುದರಲ್ಲಿ ಸಾರೂ ಪಲ್ಯವೂ ಆಗುತ್ತದೆ. ನಾಲ್ಕು ಜನಕ್ಕೆ ಮುಕ್ಕಾಲು ಲೋಟ ತೊಗರಿಬೇಳೆ, ಆರು ಲೋಟ ನೀರು, ಎರಡು ಕಟ್ಟು ಸೊಪ್ಪು (ದಂಟು, ಸಬ್ಬಸಿಗೆ ಯಾವುದಾದರೂ). ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸಿ. ಬೆರಳಲ್ಲಿ ಹಿಸುಕಿದರೆ ಒಡೆಯಬೇಕು, ಆದರೆ ಕಾಳು ಕಾಳಾಗಿ ಕಾಣಬೇಕು. ಆಗ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ, ಸೊಪ್ಪು ಬೆಂದ ಕೂಡಲೇ ನೀರನ್ನೆಲ್ಲ ಬೇರೆ ಪಾತ್ರೆಗೆ ಬಸಿಯಿರಿ. ಆ ನೀರೇ ಕಟ್ಟು. ಬೆಂದ ಬೇಳೆಸೊಪ್ಪಿನಲ್ಲಿ ಎರಡು ಸೌಟು ತೆಗೆದು, ಅರ್ಧ ಲೋಟ ಕಾಯಿತುರಿ, ಹುರಿದ ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಎರಡು ಚಮಚ ಸಾರಿನ ಪುಡಿ, ಗೋಲಿ ಗಾತ್ರದ ಹುಣಸೆಹಣ್ಣು ಸೇರಿಸಿ ರುಬ್ಬಿ, ಕಟ್ಟಿಗೆ ಹಾಕಿ ಕುದಿಸಿ, ಒಗ್ಗರಣೆ ಕೊಡಿ. ಉಳಿದ ಬೇಳೆಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ಕಾಯಿತುರಿ: ಅದು ಪಲ್ಯ. ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿದರೆ ಬೇಳೆ ಕರಗಿ, ಬಸಿಯಲು ನೀರೂ ಇರುವುದಿಲ್ಲ, ಪಲ್ಯವೂ ಆಗುವುದಿಲ್ಲ.

ಮುದ್ದೆಗೆ ನಾಲ್ಕು ಲೋಟ ನೀರಿಗೆ ಎರಡು ಲೋಟ ರಾಗಿ ಹಿಟ್ಟು. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಮೊದಲು ಹಾಕಿ, ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೈಯಾಡಿಸದೆ, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬಿಡಿ. ಮುಂಚೆಯೇ ತಿರುವಿದರೆ ಗಂಟು, ಬೇಯುವ ಮುನ್ನ ಇಳಿಸಿದರೆ ಹಸಿ ಹಿಟ್ಟಿನ ವಾಸನೆ. ತಿರುವುವಾಗ ಪಾತ್ರೆ ಹಿಡಿಯಲು ಇನ್ನೊಬ್ಬರು ಬೇಕಾಗುತ್ತದೆ. ಬಂದವರನ್ನೇ ಅಡುಗೆಮನೆಗೆ ಕರೆಯಿರಿ. ಪಾತ್ರೆ ಹಿಡಿದು ನಿಂತವರು ಅತಿಥಿಗಳಾಗಿ ಉಳಿಯುವುದಿಲ್ಲ, ಮಾತು ತಾನಾಗಿ ಶುರುವಾಗುತ್ತದೆ.

6. "ಯಾವಾಗಪ್ಪಾ ನಮ್ಗೆ ಊಟ ಹಾಕ್ಸೋದು?"

ನೆಂಟರ ಮದುವೆಯಲ್ಲಿ, ಚರ್ಚಿನಲ್ಲಿ ಮದುವೆ ಪ್ರಕಟಣೆ ಓದಿದ ಮೇಲೆ, ಈ ಪ್ರಶ್ನೆ ಬಂದೇ ಬರುತ್ತದೆ. ಪ್ರಕಟಣೆ ಎಂದರೆ ಯಾರಿಗಾದರೂ ಆಕ್ಷೇಪವಿದೆಯೇ ಎಂದು ಆರಾಧನೆಯ ನಡುವೆ ವಧೂವರರ ಹೆಸರು ಓದುವುದು. ಉತ್ತರ ಮುಂಚೆಯೇ ಸಿದ್ಧವಿರಲಿ. ದೂರದವರಿಗೆ: "ಪ್ರಾರ್ಥನೆಯಲ್ಲಿ ನೆನೆಸ್ಕೊಳ್ಳಿ ಅತ್ತೆ. ಕಾಲು ನೋವು ಹೇಗಿದೆ ಈಗ?" ಒಂದು ವಾಕ್ಯ ಉತ್ತರ, ಒಂದು ಅವರ ವಿಚಾರ. ವಾದಕ್ಕೆ ಇಳಿಯಬೇಡಿ.

ಅಪ್ಪ ಅಮ್ಮನ ವಿಷಯ ಬೇರೆ. ಅವರ ಪ್ರಶ್ನೆಯೊಳಗೆ ಇರುವುದು "ನಾವು ಹೋದ್ಮೇಲೆ ನಿನಗ್ಯಾರು" ಎಂಬ ಭಯ. ಅದಕ್ಕೆ ಮಾತಿನಿಂದ ಸಮಾಧಾನವಾಗುವುದಿಲ್ಲ. ನಿಮ್ಮ ನಾಲ್ಕು ಹೆಸರಿನವರನ್ನು ಮನೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಅಮ್ಮನ ಮೊಬೈಲಿನಲ್ಲಿ ಅವರ ನಂಬರ್ ಸೇವ್ ಮಾಡಿಕೊಡಿ.

ಮದುವೆ ಬೇಕೆಂದಿದ್ದರೆ ಹುಡುಕಿ, ಅದು ಸಂತೃಪ್ತಿಗೆ ವಿರುದ್ಧವಲ್ಲ. ಆದರೆ ಹುಡುಕಾಟಕ್ಕೆ ವಾರದಲ್ಲಿ ಒಂದು ಸಂಜೆ, ಒಂದು ಗಂಟೆ ಎಂದು ಕಟ್ಟು ಹಾಕಿ. ದಿನವೂ ಮ್ಯಾಟ್ರಿಮೊನಿ ಆಪ್ ತೆರೆದು ನೋಡಿದರೆ ಬದುಕೇ ಕಾಯುವ ಕೋಣೆಯಾಗುತ್ತದೆ. ಭೇಟಿಯೇ ಆಗದವರು ಕಸ್ಟಮ್ಸ್‌ನಲ್ಲಿ ಗಿಫ್ಟ್ ಸಿಕ್ಕಿಕೊಂಡಿದೆ ಎಂದೋ ಆಸ್ಪತ್ರೆ ಖರ್ಚೆಂದೋ ದುಡ್ಡು ಕೇಳಿದರೆ ಅದು ಮೋಸ. ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

7. ಹಬ್ಬ ಮತ್ತು ಜ್ವರ

ಕ್ರಿಸ್‌ಮಸ್ ಮಧ್ಯಾಹ್ನ ಎಲ್ಲಿರುತ್ತೀರಿ ಎಂಬುದು ಆಗಮನ ಕಾಲದ ಮೊದಲ ಭಾನುವಾರವೇ ಗೊತ್ತಾಗಿರಬೇಕು. ಆಗಮನ ಕಾಲವೆಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಕಾಲ. ಡಿಸೆಂಬರ್ 23ಕ್ಕೆ ಯೋಚಿಸಿದರೆ ತಡವಾಯಿತು, ಎಲ್ಲರೂ ಊರಿಗೆ ಹೊರಟಿರುತ್ತಾರೆ. ಕರ್ಜಿಕಾಯಿ, ಚಕ್ಕುಲಿ ಮಾಡುವ ದಿನ ನಿಮ್ಮ ನಾಲ್ಕನೇ ಹೆಸರಿನ ಮನೆಗೆ ಹೋಗಿ ಹಿಟ್ಟು ನಾದಿ. ಕಥೋಲಿಕರಿಗೆ ಇನ್ನೊಂದು ದಿನವಿದೆ: ಜೂನ್ 13, ಡೋರ್ನಹಳ್ಳಿ ಸಂತ ಅಂತೋಣಿಯವರ ಹಬ್ಬ. ಮೈಸೂರಿಂದ ಹಾಸನ ಕಡೆಯ ರೈಲಿನಲ್ಲಿ ಕೆ.ಆರ್. ನಗರಕ್ಕೆ ಹೋಗಿ, ಅಲ್ಲಿಂದ ಮುಂದೆ ಹೋಗಬಹುದು. ನಾಲ್ಕು ಜನ ಕೂಡಿ ಹೋಗಿ. ಜನಸಂದಣಿ ಬೇಡವಾದರೆ ಬೇರೆ ಯಾವುದಾದರೂ ಮಂಗಳವಾರ.

ಜ್ವರಕ್ಕೂ ಸಿದ್ಧತೆ ಬೇಕು. ಮನೆಯ ಎರಡನೇ ಬೀಗದ ಕೈ ಹತ್ತಿರದ ಸ್ನೇಹಿತರ ಬಳಿ ಇರಲಿ. ಬಾಗಿಲ ಹಿಂದೆ ಒಂದು ಚೀಟಿ: ರಕ್ತದ ಗುಂಪು, ದಿನವೂ ತಗೊಳ್ಳುವ ಮಾತ್ರೆ, ಇಬ್ಬರ ನಂಬರ್, ಆಂಬುಲೆನ್ಸ್ 108. ಒಬ್ಬರ ಜೊತೆ ರಾತ್ರಿ "ಮಲಗಿದೆ", ಬೆಳಿಗ್ಗೆ "ಎದ್ದೆ" ಎಂಬ ಮೆಸೇಜ್ ಕಟ್ಟುಪಾಡು ಮಾಡಿಕೊಳ್ಳಿ. ಬೆಳಿಗ್ಗೆ ಒಂಬತ್ತಾದರೂ ಬರದಿದ್ದರೆ ಅವರು ಬಂದು ಬಾಗಿಲು ತೆಗೆಯಬೇಕು.

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಊಟ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದನ್ನು ಭಕ್ತಿಯ ಕೊರತೆ ಎಂದು ಹೊತ್ತು ತಿರುಗಬೇಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಎರಡರಲ್ಲೂ ಮನೋವೈದ್ಯರಿದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವುದಲ್ಲ, ಆ ಗಳಿಗೆಯಲ್ಲೇ ಕರೆ ಮಾಡಿ, ಬೀಗದ ಕೈ ಇರುವ ಸ್ನೇಹಿತರನ್ನೂ ಕರೆಸಿಕೊಳ್ಳಿ.

8. ಕಾಗದಪತ್ರ

ಮುಂದೆ ಹೇಗೆ ಎಂಬ ಭಯ ಅರ್ಧ ಇಳಿಯುವುದು ಇದರಿಂದ. ಕ್ರೈಸ್ತರ ಆಸ್ತಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಸಂಗಾತಿ, ಮಕ್ಕಳು ಇಲ್ಲದವರು ಉಯಿಲು ಬರೆಯದೆ ತೀರಿಕೊಂಡರೆ, ತಂದೆ ಬದುಕಿದ್ದರೆ ಆಸ್ತಿಯೆಲ್ಲ ತಂದೆಗೆ, ತಾಯಿಗೆ ಪಾಲಿಲ್ಲ. ತಂದೆ ಇಲ್ಲದಿದ್ದರೆ ತಾಯಿ, ಒಡಹುಟ್ಟಿದವರಿಗೆ ಸಮಪಾಲು. ಅಮ್ಮನನ್ನು ನೋಡಿಕೊಳ್ಳುತ್ತಿರುವವರು ನೀವಾದರೆ ಈ ಒಂದೇ ಕಾರಣಕ್ಕೆ ಉಯಿಲು ಬರೆಯಿರಿ.

ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಸಾಕ್ಷಿ ಹಾಕಿದವರಿಗೇ ಏನಾದರೂ ಬರೆದಿದ್ದರೆ ಆ ಭಾಗ ನಿಲ್ಲುವುದಿಲ್ಲ, ಆದ್ದರಿಂದ ಸ್ನೇಹಿತರಿಗೆ ಕೊಡುವುದಿದ್ದರೆ ಅವರನ್ನು ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ತಕರಾರು ಕಡಿಮೆ. ಚರ್ಚಿಗೋ ಅನಾಥಾಶ್ರಮಕ್ಕೋ ಬರೆಯಲು ಹಿಂದೆ ಕ್ರೈಸ್ತರಿಗೆ ಇದ್ದ ವಿಶೇಷ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ತೆಗೆದುಹಾಕಿದೆ. ಮುಂದೆ ಮದುವೆಯಾದರೆ ಹಳೆಯ ಉಯಿಲು ತಾನಾಗಿ ರದ್ದಾಗುತ್ತದೆ, ಹೊಸದು ಬರೆಯಬೇಕು. ಬ್ಯಾಂಕ್ ಖಾತೆಯ ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ತಲುಪಿಸುವವರು, ಅವರೇ ಮಾಲೀಕರಲ್ಲ. ಇದು ತಿಳಿಯದೆ ಎಷ್ಟೋ ಮನೆಗಳಲ್ಲಿ ಜಗಳವಾಗಿದೆ.

ಮೂರು ತಿಂಗಳಾದ ಮೇಲೆ ಅದೇ ನೋಟ್‌ಬುಕ್‌ನಲ್ಲಿ ಇನ್ನೊಂದು ಹದಿನಾಲ್ಕು ದಿನ ಅದೇ ಮೂರು ಕಾಲಂ ಬರೆಯಿರಿ, ಮೊದಲಿನದರ ಪಕ್ಕ ಇಟ್ಟು ನೋಡಿ. ಕೆಲವು ಹೊತ್ತುಗಳು ಮಾಯವಾಗಿರುತ್ತವೆ, ಒಂದೋ ಎರಡೋ ಹಾ‍ಗೇ ಇರುತ್ತವೆ. ಹಾಗೇ ಉಳಿದ ಹೊತ್ತಿಗೆ ನಾಲ್ಕು ಹೆಸರಿನಲ್ಲಿ ಯಾರು ಹೊಂದುತ್ತಾರೆ ನೋಡಿ, ಆ ದಿನಕ್ಕೆ, ಆ ಗಂಟೆಗೆ ಅವರನ್ನು ಕೇಳಿ.